ಇಂಬಿಚ್ಚಿಬಿ ಬಾಗಿಲಿನ ಕರಿ ಸ್ವಿಚ್ಚು

ಹುಟ್ಟಿಸಿದವನಾಣೆ, ಇದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳಿದ್ರೆ ವಲಿಯಂಗಾಡಿಯ ನನ್ನ ಅಂಗಡೀಲಿರೋ ಕೊಬ್ಬರಿ ಎಲ್ಲಾ ಬೆಳಗಾಗೋದ್ರೊಳಗೆ ಮುಗ್ಗಲು ಹಿಡೀಲಿ. ಸ್ವಲ್ಪ ಆಗ್ಲೇ ಹಿಡಿದಿದೆ, ಅದನ್ನ ಲೆಕ್ಕಕ್ಕೆ ತಗೋಬೇಡ.

ಕೂತ್ಕೋ ಶಾಮಿಲ್. ಹಾಗೆ ಕತ್ತೆತ್ತಿ ಕತ್ತೆತ್ತಿ ನೋಡ್ಬೇಡ, ನಿನ್ನ ಲೈಟು ಇನ್ನೂ ಹತ್ತಿಲ್ಲ. ಸುಲೈಮಾನಿ ಚಹಾ ಕುಡಿ. ರಫಾನ ಮದುವೆಯಾಗಿ ವಾರ ಆಗಿಲ್ಲ, ಆಗ್ಲೇ ಈ ಅಣ್ಣನಿಗೆ ಪ್ರಶ್ನೆ ಶುರು ಮಾಡಿದ್ದೀಯ: "ಇಕ್ಕ, ಈ ಮನೇಲಿ ಗೇಟು ಫೋನಲ್ಲಿ ತೆಗಿಯುತ್ತೆ, ಪರದೆ ಫೋನಲ್ಲಿ ಸರಿಯುತ್ತೆ, ಫ್ಯಾನು ಕರೆದ್ರೆ ತಿರುಗುತ್ತೆ. ಮಹಡಿ ಮೇಲೆ ಹೆಂಗಸರ ಕೋಣೆ ಬಾಗಿಲಲ್ಲಿ ಮಾತ್ರ ಯಾಕೆ ಮುತ್ತಜ್ಜನ ಕಾಲದ ಕರಿ ಸ್ವಿಚ್ಚು?" ಅಂತ.

ಒಳ್ಳೆ ಪ್ರಶ್ನೆ. ಉತ್ತರ ಒಂದು ಪ್ರೇಮ ಕಥೆ. ಮುಗಿಯೋವರೆಗೂ ಏಳಬಾರದು.

ನಿಮ್ಮ ಮಂಜೇರಿ ಕಡೆ ಮದುವೆಯಾದ್ರೆ ಹೆಂಡ್ತೀನ ಮನೆಗೆ ಕರ್ಕೊಂಡು ಹೋಗ್ತೀರಿ. ನಮ್ಮ ಕಲ್ಲಿಕೋಟೆ ಕುಟ್ಟಿಚಿರದಲ್ಲಿ ಹೆಣ್ಣು ಹುಟ್ಟಿದ ಮನೆ ಬಿಡಲ್ಲ. ನಾವು ಗಂಡಂದಿರೇ ಹಗಲೆಲ್ಲ ಕೆಲಸ ಮಾಡಿ, ಹೆತ್ತ ಉಮ್ಮನ ಮನೇಲಿ ಮುಖ ತೊಳೆದು, ಸಂಜೆ ಇಲ್ಲಿಗೆ ಬರೋದು. ಬಂದೋನಿಗೆ ಪುದಿಯಾಪ್ಲ ಅಂತಾರೆ, ಅಂದ್ರೆ ಹೊಸ ಮದುಮಗ. ನನಗೆ ಐವತ್ತನಾಲ್ಕು. ಸಕ್ಕರೆ ಕಾಯಿಲೆ, ಮಂಡಿ ನೋವು, ಮುಂದಿನ ಹಲ್ಲಿಲ್ಲ. ಆದ್ರೂ ಈ ಬಾವುಟ್ಟಿ ಇವತ್ತಿಗೂ ಈ ಮನೆಯ ಹೊಸ ಮದುಮಗ. ನಾಳೆ ನನ್ನ ಹೆಣ ಎತ್ತುವಾಗ್ಲೂ "ಮದುಮಗನ್ನ ನಿಧಾನವಾಗಿ ಹಿಡೀರಪ್ಪ" ಅಂತಾನೇ ಹೇಳೋದು.

ಮನೆಗೆ ಕರೆಂಟು ಬಂದ ಕಾಲದಲ್ಲಿ ಇಲ್ಲಿಯ ಅಜ್ಜಿ ಒಂದು ಕಾಯಿದೆ ಮಾಡಿದ್ಲು. ಮಹಡಿ ಮೇಲೆ ಸಾಲಾಗಿ ಕೋಣೆಗಳು. ಪ್ರತಿ ಬಾಗಿಲ ಮುಂದೆ, ಕೊಳದ ಕಡೆಗೆ ಮುಖ ಮಾಡಿ, ಒಂದೊಂದು ಬಲ್ಬು. ಹೆಂಡ್ತಿ ತನ್ನ ಕೈಯ್ಯಾರೆ ಅದನ್ನ ಹತ್ತಿಸಿದ್ರೆ ಗಂಡ ಮೇಲೆ ಹೋಗಬಹುದು. ಇಲ್ಲದಿದ್ರೆ ಈ ಜಗಲಿ, ಈ ಬೆಂಚು, ಈ ಸೊಳ್ಳೆ. "ಬಾಗಿಲು ತೆರೆದಿದ್ರೆ ಸಾಲ್ದು, ಮನಸ್ಸೂ ತೆರೆದಿರಬೇಕು. ಮನಸ್ಸು ಕೆಳಗಿಂದ ಕಾಣಲ್ಲ, ಬಲ್ಬು ಕಾಣುತ್ತೆ" ಅಂದಿದ್ಲಂತೆ ಅಜ್ಜಿ. ಅಂಥ ಹೆಂಗಸಿನ ಮೊಮ್ಮಗಳು ಇಂಬಿಚ್ಚಿಬಿ. ನನ್ನ ಹೆಂಡ್ತಿ ಕುಂಞಿಬಿಯ ತಂಗಿ.

ಇಂಬಿ ಮದುವೆ ಮನೆಗಳಿಗೆ ಉನ್ನಕ್ಕಾಯಿ ಮಾಡಿ ಕೊಡ್ತಾಳೆ. ನೇಂದ್ರ ಬಾಳೆಹಣ್ಣು ಬೇಯಿಸಿ ಅರೆದು, ಒಳಗೆ ಕಾಯಿ ಸಕ್ಕರೆ ತುಂಬಿ, ತುಪ್ಪದಲ್ಲಿ ಕರಿದು. ಅದರ ಪರಿಮಳಕ್ಕೆ ಒಂದು ಸಲ ಕೊಯಿಲಾಂಡಿ ರೈಲು ತಾನಾಗೇ ನಿಂತಿತ್ತು, ಅದು ಬೇರೆ ಕಥೆ. ಅವಳ ಕಣ್ಣಿಗೆ ಒಂದು ಚಾಳಿ ಇದೆ. ಸಿಟ್ಟಲ್ಲಿದ್ರೆ ನೇರ ಕಣ್ಣಿಗೆ ಕಣ್ಣಿಟ್ಟು ನೋಡ್ತಾಳೆ. ಪ್ರೀತಿ ಬಂದ್ರೆ ನೇರ ನೋಡೋಕಾಗಲ್ಲ, ನಿಮ್ಮ ಕಿವಿ ಹತ್ರ ಎಲ್ಲೋ ನೋಡ್ತಾಳೆ. ನನ್ನ ಕಿವಿನ ಅವಳು ಯಾವತ್ತೂ ನೋಡಿಲ್ಲ. ಅವಳ ಗಂಡ ಹಂಸಕ್ಕೋಯನ ಎಡಗಿವಿ ಮಾತ್ರ ನೋಡಿಸ್ಕೊಂಡು ನೋಡಿಸ್ಕೊಂಡು ಸ್ವಲ್ಪ ಕೆಂಪಾಗಿತ್ತು.

ಹಂಸಕ್ಕೋಯಂಗೆ ಮಿಠಾಯಿ ಬೀದೀಲಿ ಮೊಬೈಲ್ ಅಂಗಡಿ. ಹೊಸ ಯಂತ್ರ ಕಂಡ್ರೆ ಹುಚ್ಚು. ಮೂರು ವರ್ಷದ ಹಿಂದೆ ಬೈಪಾಸ್ ಹತ್ರ ಒಂದು ಫ್ಲ್ಯಾಟು ತಗೊಂಡ. ತಗೊಂಡ ಅಂತ ಸುಮ್ನಿರ್ಲಿಲ್ಲ. ಒಂದು ಸಂಜೆ ಮದುಮಗಂದಿರೆಲ್ಲ ಊಟಕ್ಕೆ ಕೂತಿದ್ವಿ, ಇಂಬಿ ಬಡಿಸ್ತಿದ್ಲು. ಇವನು ಬಾಯಿ ಬಿಟ್ಟ.

"ಇಂಬೀ, ಫ್ಲ್ಯಾಟಿಗೆ ಬಾ. ಅಲ್ಲಿ ಚಪ್ಪಾಳೆ ತಟ್ಟಿದ್ರೆ ಲೈಟು ಹತ್ತುತ್ತೆ. ಇಲ್ಲೇನಿದೆ? ಗೋಡೆಗೆ ಅಂಟ್ಕೊಂಡ ಆಮೆಮರಿ ಥರ ಒಂದು ಕರಿ ಸ್ವಿಚ್ಚು. ಆಮೆ ತಲೆ ಅಲ್ಲಾಡಿಸಿದ್ರೆ ಗಂಡ ಮೇಲೆ ಹೋಗ್ಬೇಕು! ನನ್ನ ಮನೇಲಿ ನಾನು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ."

ಸೌಟು ಗಾಳೀಲೇ ನಿಂತ್ಹೋಯ್ತು. ಇಂಬಿ ನೇರ ಕಣ್ಣಿಗೆ ಕಣ್ಣಿಟ್ಟು ನೋಡಿದ್ಲು.

"ಕಾಯಬೇಕಾಗಿಲ್ವಾ?"

"ಇಲ್ಲ."

"ಹಾಗಾದ್ರೆ ಹೋಗಿ. ನಿಮ್ಮ ಫ್ಲ್ಯಾಟಲ್ಲಿ ಕೂತು ಚಪ್ಪಾಳೆ ತಟ್ಟಿ. ಲೈಟು ಬರುತ್ತೆ. ಹೆಂಡ್ತಿ ಬರ್ತಾಳಾ ನೋಡಿ."

ನಮ್ಮ ಕಡೆ ಹೆಂಡ್ತೀರು ಉಗಿದ್ರೂ 'ನೀವು' ಅಂತ ಮರ್ಯಾದೆ ಕೊಟ್ಟೇ ಉಗಿಯೋದು. ಅದಕ್ಕೇ ಜಾಸ್ತಿ ತಾಗುತ್ತೆ.

ಆವತ್ತಿಂದ ಇಂಬಿ ಬಲ್ಬು ಹತ್ತಲಿಲ್ಲ. ಹಂಸಕ್ಕೋಯ ಈ ಮೆಟ್ಟಿಲು ತುಳಿಯಲಿಲ್ಲ.

ಆದ್ರೆ ಫ್ಲ್ಯಾಟಲ್ಲೂ ಇರ್ಲಿಲ್ಲ. ದಿನಾ ಸಂಜೆ ಎದುರುಗಡೆ ಕೊಳದ ಮೆಟ್ಟಿಲ ಮೇಲೆ, ಅಗೋ ಆ ದೀಪದ ಕಂಬದ ಕೆಳಗೆ, ಬಂದು ಕೂರೋನು.

"ಏನೋ ಇಲ್ಲಿ?" ಅಂತ ಕೇಳ್ದೆ.

"ಮೀನು ನೋಡೋಕೆ ಬಂದೆ ಇಕ್ಕ."

ನೋಡ್ತಿದ್ದದ್ದು ನಮ್ಮ ಮಹಡಿ. ಮೀನು ಮಹಡಿ ಮೇಲೆ ಈಜ್ತಿದ್ದ ಹಾಗೆ. ಅವನ ಮುಖ ನೋಡಿ ನೋಡಿ ಕೊಳದ ಮೀನುಗಳಿಗೆ ಎಷ್ಟು ಬೇಜಾರಾಯ್ತು ಅಂದ್ರೆ, ಆ ವರ್ಷ ಒಂದೂ ಮೊಟ್ಟೆ ಇಡಲಿಲ್ಲ.

ಮೇಲೆ ಇವಳೇನು ಕಡಿಮೆ? ದಿನಾ ಸಂಜೆ ಒದ್ದೆ ಬಟ್ಟೆ ತಗೊಂಡು ಆ ಕರಿ ಸ್ವಿಚ್ಚನ್ನ ಒರೆಸೋಳು. ಮೂತಿ ಒರೆಸೋಳು, ಬುಡ ಒರೆಸೋಳು, ಕೂತಿದ್ದ ಮರದ ಹಲಗೆ ಒರೆಸೋಳು. ಆಮೇಲೆ ಅದರ ಮೇಲೆ ಬೆರಳಿಟ್ಟು ಸುಮ್ನೆ ನಿಂತ್ಕೊಳ್ಳೋಳು. ಒತ್ತುತಿರ್ಲಿಲ್ಲ.

ಮಧ್ಯದಲ್ಲಿ ಸತ್ತಿದ್ದು ನನ್ನ ಮಂಡಿ.

"ಇಕ್ಕ, ಅವಳಿಗೆ ಹೇಳಿ, ನನಗೆ ಹಸಿವಾಗಿದೆ ಅಂತ."

ಮಹಡಿ ಹತ್ತಿದೆ. ಹೇಳ್ದೆ. ಇಂಬಿ ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಚಪ್ಪಾಳೆ ತಟ್ಟಿದ್ರೆ ಊಟ ಬರಲ್ವಾ ಅಂತ ಕೇಳಿ."

ಇಳಿದೆ. ಕೇಳ್ದೆ. ಹಂಸಕ್ಕೋಯ ಕೊಳಕ್ಕೆ ಕಲ್ಲೆಸೆದ. "ಹಸಿವಲ್ಲಿ ಸತ್ರೂ ಸರಿ, ಈ ಕೈ ಎರಡು ಒಂದಕ್ಕೊಂದು ತಟ್ಟಲ್ಲ ಅಂತ ಹೇಳಿ. ಇವತ್ತಿಗಲ್ಲ, ಯಾವತ್ತಿಗೂ."

ಹತ್ತಿದೆ. ಹೇಳ್ದೆ. "ಒಳ್ಳೇದು, ನನ್ನ ಬೆರಳೂ ಒತ್ತಲ್ಲ" ಅಂದ್ಲು. ಹೇಳಿದ್ಮೇಲೆ ಒಂದು ಬಾಳೆಎಲೇಲಿ ನಾಲ್ಕು ಉನ್ನಕ್ಕಾಯಿ ಸುತ್ತಿ ನನ್ನ ಕೈಗಿಟ್ಲು. "ಇದು ಮೀನಿಗೆ ಹಾಕೋಕೆ. ಬೇರೆ ಯಾರಿಗೂ ಅಲ್ಲ."

ಮೀನಿಗೆ ಸಿಕ್ಕಿದ್ದು ಬರೀ ಎಲೆ.

ಇಷ್ಟರಲ್ಲಿ ದುಬೈಯಿಂದ ಇಂಬಿಯ ಅಣ್ಣ ಜಬ್ಬಾರ್ ಒಂದು ಪೆಟ್ಟಿಗೆ ಕಳಿಸ್ದ. ಮನೆ ಪೂರ್ತಿಗೆ ಸ್ಮಾರ್ಟ್ ಸ್ವಿಚ್ಚು. ಗಾಜಿನ ಹಲಗೆ, ನೀಲಿ ಚುಕ್ಕಿ, ಬೆರಳು ತಾಗಿಸಿದ್ರೆ ಸಾಕು. ಫೋನಲ್ಲಿ ದುಬೈಯಿಂದ್ಲೇ ಹತ್ತಿಸಬಹುದು, ಆರಿಸಬಹುದು. "ನನ್ನ ಬಾಗಿಲಿಂದು ಮುಟ್ಟಬೇಡ" ಅಂತ ಇಂಬಿ ಎಲೆಕ್ಟ್ರಿಷಿಯನ್ ವೇಣುಗೆ ಮೊದ್ಲೇ ಹೇಳಿದ್ಲು. ವೇಣು ತಲೆಯಾಡಿಸ್ದ. ಅವಳು ಬೇಪೂರಿನ ಮದುವೆಗೆ ಉನ್ನಕ್ಕಾಯಿ ಕೊಟ್ಟು ಬರೋಕೆ ಹೋದ್ಲು. ಅವಳು ಗೇಟು ದಾಟಿದ್ದೇ ತಡ, ದುಬೈಯಿಂದ ಜಬ್ಬಾರ್ ಫೋನ್ ಮಾಡಿ "ಒಂದನ್ನೂ ಬಿಡಬೇಡ" ಅಂದ. ದುಡ್ಡು ಕೊಡೋನು ಜಬ್ಬಾರ್. ವೇಣು ಬಿಡಲಿಲ್ಲ.

ಇಂಬಿ ಬಂದು ನೋಡ್ತಾಳೆ, ಆಮೆ ಇಲ್ಲ. ಗೋಡೇಲಿ ಗಾಜು, ಗಾಜಲ್ಲಿ ಅವಳದೇ ಸಿಟ್ಟಿನ ಮುಖ. ಹಿತ್ತಲಿಗೆ ಹೋಗಿ ಕಸದ ಡಬ್ಬಿ ಬೋರಲು ಹಾಕಿ, ಕರಿ ಸ್ವಿಚ್ಚು ಹುಡುಕಿ, ಸೆರಗಲ್ಲಿ ಒರೆಸಿ, ಏಲಕ್ಕಿ ಡಬ್ಬೀಲಿ ಬಚ್ಚಿಟ್ಲು.

ಆವತ್ತು ಸಂಜೆ ಮಗ್ರಿಬ್ ಬಾಂಗು ಕೊಟ್ರು ನೋಡು, ಜಬ್ಬಾರ್ ಇಟ್ಟಿದ್ದ ಟೈಮಿಗೆ ಸರಿಯಾಗಿ, ಮಹಡಿಯ ಬಲ್ಬುಗಳೆಲ್ಲ ಪಟ್ಟಂತ ಒಟ್ಟಿಗೇ ಹತ್ತಿದ್ವು!

ನಾವು ಮೂರು ಜನ ಮದುಮಗಂದಿರು ಈ ಬೆಂಚಿಂದ ಒಟ್ಟಿಗೇ ಎದ್ವಿ. ಮೆಟ್ಟಿಲಲ್ಲಿ ಒಬ್ಬರ ಮೇಲೊಬ್ಬರು. ಕುಂಞಿಬಿ ಆಗ ನನ್ನ ಜೊತೆ ಮಾತು ಬಿಟ್ಟಿದ್ಲು. ಪರವಾಗಿಲ್ವೇ, ಕ್ಷಮಿಸಿಬಿಟ್ಲು ಅಂತ ಖುಷಿಯಲ್ಲಿ ಬಾಗಿಲು ತಟ್ಟಿದೆ.

"ಯಾರು?"

"ನಾನೇ. ಲೈಟು ಹಾಕಿದ್ಯಲ್ಲ."

"ನಾನಾ? ನಾನು ತಲೆಗೆ ಎಣ್ಣೆ ಮೆತ್ಕೊಂಡು ಕೂತಿದ್ದೀನಿ. ಹೋಗಿ ಕೆಳಗೆ!"

ಕೆಳಗೆ ಹೋಗೋಕೆ ಮಂಡಿ ಒಪ್ಪಲಿಲ್ಲ. ಅಲ್ಲೇ ಗೋಡೆಗೊರಗಿ ನಿಂತೆ. ಅದಕ್ಕೇ ಮುಂದಿನದೆಲ್ಲ ಕಣ್ಣಾರೆ ಕಂಡಿದ್ದು.

ಕೊಳದ ಮೆಟ್ಟಿಲ ಮೇಲೆ ಹಂಸಕ್ಕೋಯ ಎದ್ದು ನಿಂತ. ಇಂಬಿಯ ಬಲ್ಬು! ಚಪ್ಪಲಿ ಅಲ್ಲೇ ಬಿಟ್ಟ. ಓಡ್ಕೊಂಡು ಬಂದ ಅಂದ್ರೆ ತಪ್ಪಾಗುತ್ತೆ, ಕಾಲು ನೆಲಕ್ಕೆ ತಾಗಿದ್ದು ನಾನು ನೋಡಲಿಲ್ಲ.

ಇಂಬಿ ಬಾಗಿಲು ತೆಗೆದ್ಲು. ಕೈ ತುಂಬ ಬಾಳೆಹಣ್ಣಿನ ಹಿಟ್ಟು. ಒಂದೆಳೆ ಕೂದಲು ಬೆವರಿಗೆ ಕೆನ್ನೆಗಂಟಿತ್ತು. ಹಂಸಕ್ಕೋಯ ಆ ಕೂದಲನ್ನೇ ನೋಡ್ತಾ ನಿಂತ. ತಿಂಗಳುಗಟ್ಟಲೆ ಆರಿದ ಬಲ್ಬು ನೋಡ್ದೋನಿಗೆ ಒಂದೆಳೆ ಕೂದಲು ಅಂದ್ರೂ ಪೆರ್ನಾಳ್ ಹಬ್ಬ.

"ಬಂದೆ" ಅಂದ, ಉಸಿರು ಸಿಗದೆ.

"ಯಾಕೆ?"

"ಕರೆದ್ಯಲ್ಲ."

"ಯಾರು ಕರೆದಿದ್ದು?"

"ನೀನು. ಲೈಟು..."

ಅವಳು ತಲೆಯೆತ್ತಿ ಬಲ್ಬು ನೋಡಿದ್ಲು. ಗಾಜಿನ ಸ್ವಿಚ್ಚು ನೋಡಿದ್ಲು. ಅವನ ಬರಿಗಾಲು ನೋಡಿದ್ಲು.

"ಅದು ನಾನಲ್ಲ. ದುಬೈಯಿಂದ ಜಬ್ಬಾರಿಕ್ಕ ಹತ್ತಿಸಿದ್ದು."

ಅವನ ಮುಖ ಒಂದು ಕ್ಷಣ ಆರಿಹೋಯ್ತು, ಹೋಗಿ ಹೋಗಿ ಅವನಿಗೇ ಈ ಗತಿ. ಹೊಸ ಸ್ವಿಚ್ಚು ಕಂಡ್ರೆ ಮುತ್ತು ಕೊಡ್ತಿದ್ದೋನು.

"ಹಾಗಾದ್ರೆ ನೀನು ಕರೀಲಿಲ್ಲ."

"ಇಲ್ಲ."

"ಸರಿ. ಫೋನು ಕರೆದ್ರೆ ಬರೋಕೆ ನಾನು ಡೆಲಿವರಿ ಹುಡುಗ ಅಲ್ಲ. ನೀನು ಕರೀದೆ ಈ ಹೊಸ್ತಿಲು ದಾಟಲ್ಲ." ತಿರುಗಿ ಹೊರಟ.

ಇಂಬಿ ಗಾಜಿಗೆ ಬೆರಳು ಕುಟ್ಟಿದ್ಲು. ಬಲ್ಬು ಆರ್ತು. ದುಬೈಯಲ್ಲಿ ಜಬ್ಬಾರ್‌ಗೆ ಫೋನಲ್ಲಿ ಗೊತ್ತಾಯ್ತು, ಏನೋ ಕೆಟ್ಟಿದೆ ಅಂತ ಮತ್ತೆ ಹತ್ತಿಸ್ದ. ಇವಳು ಆರಿಸಿದ್ಲು. ಅವನು ಹತ್ತಿಸ್ದ. ಕೊಳದ ಸುತ್ತ ಜನ ಸೇರಿದ್ರು. ಸಮುದ್ರದಲ್ಲಿ ಒಂದು ದೋಣಿ ಇದೇ ದೀಪಸ್ತಂಭ ಅಂದ್ಕೊಂಡು ನಮ್ಮ ಕಡೆ ತಿರುಗ್ತು. ಕೊನೆಗೆ ಕುಂಞಿಬಿ ಎಣ್ಣೆ ತಲೇಲೇ ಹೊರಗೆ ಬಂದು ಫೋನ್ ಮಾಡಿ ಕಿರುಚಿದ್ಲು, "ಲೋ ಜಬ್ಬಾರ್, ಬೆರಳು ತೆಗಿಯೋ!"

ಬಲ್ಬು ಆರ್ತು.

ಆದ್ರೆ ಪೂರ್ತಿ ಆರಲಿಲ್ಲ ಶಾಮಿಲ್. ಬೂದಿಯೊಳಗಿನ ಕೆಂಡದ ಥರ, ಒಳಗೊಳಗೇ ಒಂಚೂರು ಮಿಣುಕ್ತಾ ಉಳೀತು.

ಹಂಸಕ್ಕೋಯ ಅರ್ಧ ಮೆಟ್ಟಿಲು ಇಳಿದಿದ್ದ. ತಿರುಗಿ ನೋಡ್ದ.

"ಇಂಬೀ, ಇದೇನು?"

"ಆರಿಸಿದ್ದೀನಿ."

"ಆರಿಲ್ಲ."

"ಆರಿಸಿದ್ದೀನಿ ಅಂದ್ನಲ್ಲ!"

"ಅರ್ಧ ಆರಿದೆ. ಅರ್ಧ ಕರೀತಾ ಇದೆ." ಹಾಗಂದವನೇ ಮೆಟ್ಟಿಲ ನಟ್ಟನಡುವೆ ಕೂತುಬಿಟ್ಟ. "ಅರ್ಧ ಕರೆದ್ರೆ ಅರ್ಧ ಬಂದಿರ್ತೀನಿ. ನಾನು ನ್ಯಾಯವಾದ ಮನುಷ್ಯ."

ಮಾರನೇ ದಿನವೂ ಅಲ್ಲೇ. ಮೇಲೂ ಹೋಗಲ್ಲ, ಕೆಳಗೂ ಇಳಿಯಲ್ಲ. ಹಾಲಿನೋನು ಅವನನ್ನ ದಾಟಿ ಹೋದ, ಬೆಕ್ಕು ಅವನ ಮಡಿಲಲ್ಲಿ ಮರಿ ಹಾಕ್ತು. ಊರವರ ಬಾಯಿಗಂತೂ ಹಬ್ಬ. "ಇಂಬಿಗೆ ಒಳಗೊಳಗೇ ಮನಸ್ಸಿದೆ, ಬಾಯಲ್ಲಿ ಇಲ್ಲ ಅಂತಾಳೆ, ಬಲ್ಬು ಸುಳ್ಳು ಹೇಳುತ್ತಾ?" ಅಂತ ಕೊಳದ ಮೆಟ್ಟಿಲಲ್ಲೆಲ್ಲ ಅದೇ ಮಾತು. ಇಂಬಿ ಕಿವಿಗೂ ಬಿತ್ತು. ಬಿರಿಯಾನಿ ಪಾತ್ರೆ ತಂದು ಬಲ್ಬಿಗೆ ಕವುಚಿದ್ಲು. ಪಾತ್ರೆ ಅಂಚಿಂದ ಬೆಳಕು ಇಣುಕ್ತು. ಕೆಳಗಿಂದ ಹಂಸಕ್ಕೋಯ ಕೂಗ್ದ, "ಮುಚ್ಚಿದ್ರೂ ಕಾಣುತ್ತೆ!"

ಅವಳು ವೇಣುನ ಕರೆಸಿದ್ಲು.

ವೇಣು ಗಾಜು ಬಿಚ್ಚಿ ತಲೆ ಕೆರ್ಕೊಂಡ. "ಇಂಬಿತ್ತಾ, ಹಳೇ ಮನೆ ನೋಡಿ, ಇಲ್ಲಿಗೆ ಬಂದಿರೋದು ಎರಡೇ ವೈರು. ನ್ಯೂಟ್ರಲ್ ಇಲ್ಲ. ಈ ಸ್ವಿಚ್ಚು ಯಾವಾಗ್ಲೂ ಎಚ್ಚರವಾಗಿರಬೇಕು, ಇಲ್ಲಾಂದ್ರೆ ಫೋನಿನ ಮಾತು ಅದಕ್ಕೆ ಕೇಳಿಸಲ್ಲ. ಎಚ್ಚರ ಇರೋಕೆ ಒಂದು ಗುಟುಕು ಕರೆಂಟು ಬೇಕು. ಅದನ್ನ ಬಲ್ಬಿನ ಮೂಲಕಾನೇ ಎಳೀತಾ ಇರುತ್ತೆ. ಅದಕ್ಕೇ ಈ ಮಿಣುಕು. ಯಾರ ಮನಸ್ಸೂ ಅಲ್ಲ ಇದು."

"ಕೇಳಿಸ್ತಾ?" ಇಂಬಿ ಮೆಟ್ಟಿಲ ಕಡೆ ಕೂಗಿದ್ಲು. "ಯಾರ ಮನಸ್ಸೂ ಅಲ್ವಂತೆ!"

ಮೆಟ್ಟಿಲಿಂದ ಬೆಕ್ಕಿನ ಮರಿ ಮಾತ್ರ ಮಿಯಾಂವ್ ಅಂತು.

ಇಂಬಿ ಹೋಗಿ ಏಲಕ್ಕಿ ಡಬ್ಬಿ ತಂದ್ಲು. "ವೇಣು, ನನ್ನ ಸ್ವಿಚ್ಚು ವಾಪಸ್ ಹಾಕು."

ಅಷ್ಟರಲ್ಲಿ ಜಬ್ಬಾರ್ ವಿಡಿಯೋ ಕಾಲಲ್ಲಿ ಬಂದ. "ತಂಗೀ, ಅದು ಎಷ್ಟು ಒಳ್ಳೆ ಸ್ವಿಚ್ಚು ಗೊತ್ತಾ? ನಿಂಗೆ ಬೆರಳೆತ್ತೋ ಕಷ್ಟಾನೂ ಇಲ್ಲ!"

"ನನ್ನ ಗಂಡನ್ನ ಕರೆಯೋದು ನಂಗೆ ಕಷ್ಟ ಅಂತ ನಿಂಗ್ಯಾರು ಹೇಳಿದ್ದು?" ಇಂಬಿ ಫೋನಿಗೇ ಕಣ್ಣಿಟ್ಟು ನೋಡಿದ್ಲು. "ಗೇಟಿಗೆ ಹಾಕು, ಪರದೆಗೆ ಹಾಕು, ಅಡುಗೆಮನೆಗೆ ಹಾಕು, ಕೈ ಮುಗೀತೀನಿ. ಇದು ಮಾತ್ರ ನನ್ನ ಬಾಯಿ ಇದ್ದ ಹಾಗೆ. ನಿನ್ನ ಹೆಂಡ್ತಿ ಕೋಣೆ ಲೈಟು ಇಲ್ಲಿಂದ ನಾನು ಹಾಕ್ಲಾ, ಸಂಜೆ ಸಂಜೆ?"

ದುಬೈಯಲ್ಲಿ ಅವನ ಹಿಂದೆ ಯಾರೋ ಹೆಂಗಸು ಗೊಳ್ಳಂತ ನಕ್ಕಿದ್ದು ಕೇಳಿಸ್ತು. "ಹಾಕು ನಾದಿನೀ, ಇವರು ಆಫೀಸಿಂದ ಬೇಗ ಬರ್ಲಿ!" "ಆಯ್ತು, ಬಲ್ಬುಗಳಿಗೆ ಇಟ್ಟ ಟೈಮು ತೆಗೀತೀನಿ" ಅಂತ ಜಬ್ಬಾರ್ ಫೋನಿಟ್ಟ.

"ಹತ್ತಿಸಿದ್ರೆ ಪೂರ್ತಿ, ಆರಿಸಿದ್ರೆ ಪೂರ್ತಿ" ಅಂದ್ಲು ಇಂಬಿ, ಈಗ ಯಾರಿಗೂ ಅಲ್ಲದ ಹಾಗೆ. "ಅರ್ಧ ಮನಸ್ಸಿನ ದೀಪ ನನ್ನ ಬಾಗಿಲಿಗೆ ಬೇಡ."

ವೇಣು ಮೇನ್ ಆಫ್ ಮಾಡ್ದ. ಹೊತ್ತು ಮುಳುಗ್ತಿತ್ತು, ಮೊಗಸಾಲೆಯಲ್ಲಿ ಕತ್ತಲು. "ಯಾರಾದ್ರೂ ಬೆಳಕು ಹಿಡೀರಪ್ಪ" ಅಂದ. ನಾನು ಫೋನು ಹುಡುಕೋದ್ರೊಳಗೆ ಹಿಂದಿನಿಂದ ಒಂದು ಟಾರ್ಚ್ ಬೆಳಗ್ತು. ಹಂಸಕ್ಕೋಯ. ಹೊಸ್ತಿಲಿಂದ ಈಚೆಗೇ ನಿಂತಿದ್ದ, ಕಾಲ್ಬೆರಳೂ ಒಳಗಿಟ್ಟಿರ್ಲಿಲ್ಲ.

ಇಂಬಿ ಆ ಕಡೆ, ಅವನು ಈ ಕಡೆ, ಮಧ್ಯ ವೇಣುನ ಸ್ಕ್ರೂಡ್ರೈವರ್.

"ನೆಟ್ಟಗೆ ಹಿಡೀರಿ, ಕೈ ನಡುಗ್ತಿದೆ" ಅಂದ್ಲು ಇಂಬಿ.

"ನಡುಗ್ತಿರೋದು ಕೈ ಅಲ್ಲ."

"ಮತ್ತೆ?"

"ನಿನ್ನೆಯಿಂದ ಊಟ ಇಲ್ಲ. ಹೊಟ್ಟೆ."

ಅವಳ ತುಟಿ ತುದಿ ಒಂಚೂರು ಜಾರ್ತು. ತಕ್ಷಣ ಎಳ್ಕೊಂಡ್ಲು. ಅವನು ಟಾರ್ಚನ್ನ ಸ್ವಿಚ್ಚಿಂದ ಸ್ವಲ್ಪವೇ ಸ್ವಲ್ಪ ಸರಿಸ್ದ, ಅವಳ ಮುಖದ ಅಂಚಿಗೆ ಬೀಳೋಷ್ಟು.

"ಬೆಳಕು ಇಲ್ಲಿ ಬೇಕು ಸಾರ್" ಅಂದ ವೇಣು.

"ನಂಗೂ ಇಲ್ಲೇ ಬೇಕು" ಅಂದ ಹಂಸಕ್ಕೋಯ.

ಆಮೇಲೆ ಮೆಲ್ಲಗೆ ಹೇಳ್ದ, "ಆ ಆಮೆನ ಆವತ್ತು ಅಷ್ಟು ಜನರ ಮುಂದೆ ಆಡ್ಕೊಂಡೆ. ಅದು ಕರೆದಾಗೆಲ್ಲ ಅಲ್ಲಿ ನಿನ್ನ ಬೆರಳಿತ್ತು. ಅದು ನಿನ್ನೆ ಗೊತ್ತಾಯ್ತು."

ನಾನು ನೋಡ್ದೆ ಶಾಮಿಲ್. ಅವಳ ಕಣ್ಣು ಅವನ ಕಣ್ಣಿಂದ ಜಾರಿ, ಕೆನ್ನೆ ದಾಟಿ, ಎಡಗಿವಿ ಹತ್ರ ಹೋಗಿ ನಿಂತಿತ್ತು.

ಸ್ವಿಚ್ಚು ಕೂತ್ಕೊಳ್ತು. ಮೇನ್ ಆನ್ ಆಯ್ತು. ಬಲ್ಬು ಪೂರ್ತಿ ಆರಿತ್ತು. ಮಿಣುಕೂ ಇಲ್ಲ, ಏನೂ ಇಲ್ಲ.

ಹಂಸಕ್ಕೋಯ ಕಾದ. ಅವಳು ಒತ್ತಲಿಲ್ಲ.

"ಈಗ ಹೋಗಿ" ಅಂದ್ಲು.

"ಎಲ್ಲಿಗೆ?"

"ಕೊಳಕ್ಕೆ. ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ. ಕರೆದ್ರೆ ಬನ್ನಿ. ಕರೀದಿದ್ರೆ..." ಬಾಗಿಲು ಮುಚ್ತಾ ಮುಚ್ತಾ ಹೇಳಿದ್ಲು, "ಏನು ಮಾಡ್ಬೇಕು ಅಂತ ನಿಮಗೆ ಗೊತ್ತು."

ಅವನು ಹೋದ. ಕಂಬದ ಕೆಳಗೆ ಕೂತ. ಸುದ್ದಿ ಹಬ್ಬಿ ಇಡೀ ಕುಟ್ಟಿಚಿರ ಕೊಳದ ಸುತ್ತ ಕೂತ್ಕೊಳ್ತು. ಕಡಲೆಕಾಯಿ ಮಾರೋನು ಬಂದ. ಒಬ್ಬೊಬ್ಬರದೇ ಬಲ್ಬು ಹತ್ತಿತು, ಇಂಬೀದು ಹತ್ತಲಿಲ್ಲ. ರಾತ್ರಿಯ ಇಶಾ ಬಾಂಗೂ ಆಯ್ತು. ಮಹಡಿ ಕಿಟಕೀಲಿ ಒಂದು ನೆರಳು ನಿಂತಿತ್ತು, ಅಲ್ಲಾಡಲಿಲ್ಲ.

ಕೊಳದ ನೀರೂ ಅಲ್ಲಾಡಲಿಲ್ಲ.

ಹಂಸಕ್ಕೋಯ ಎದ್ದು ನಿಂತ. ಸುತ್ತ ನೋಡ್ದ. ಅವನ ಗಿರಾಕಿಗಳು ಇದ್ರು, ಅವನ ಅಂಗಡಿ ಹುಡುಗರಿದ್ರು, ಅವನ ಉಮ್ಮ ಕೂಡ ಬಂದು ಕಡಲೆಕಾಯಿ ಸುಲೀತಿದ್ಲು. ಯಾವತ್ತಿಗೂ ತಟ್ಟಲ್ಲ ಅಂದಿದ್ದ ಎರಡು ಕೈಯನ್ನ ಎದೆ ಮಟ್ಟಕ್ಕೆ ಎತ್ತಿದ.

ತಟ್ಟಿದ.

ಒಂದೇ ಒಂದು ಚಪ್ಪಾಳೆ. ಯಾರೂ ನಗಲಿಲ್ಲ. ನಗೋ ಹಾಗಿರಲಿಲ್ಲ ಅದು.

ಮೇಲಿಂದ ಉತ್ತರ ಬಂತು. ಟಕ್! ಆ ಸ್ವಿಚ್ಚಿನ ಸದ್ದು ಕೊಳ ದಾಟಿ, ಮಸೀದಿ ದಾಟಿ, ವಲಿಯಂಗಾಡೀಲಿದ್ದ ನನ್ನ ಅಂಗಡಿ ಶಟರಿಗೆ ಬಡಿದು ವಾಪಸ್ ಬಂತು. ಬಲ್ಬು ಹತ್ತಿತು. ಪೂರ್ತಿ.

ಈ ಸಲ ಅವನು ಓಡಲಿಲ್ಲ. ಚಪ್ಪಲಿ ಹಾಕ್ಕೊಂಡು, ಮುಂಡು ಸರಿಮಾಡ್ಕೊಂಡು, ರಾಜನ ಥರ ನಡ್ಕೊಂಡು ಬಂದ. ಹೊಸ್ತಿಲ ಹತ್ರ ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳ್ದ:

"ನಾನು ಮೊದ್ಲೇ ಹೇಳಿರ್ಲಿಲ್ವಾ? ಚಪ್ಪಾಳೆ ತಟ್ಟಿದ್ರೆ ಲೈಟು ಹತ್ತುತ್ತೆ."

ಇಂಬಿ ಅವನ ಕಿವೀನೇ ನೋಡ್ತಾ ಹೇಳಿದ್ಲು, "ಈ ಮನೇಲಿ ಮಾತ್ರ. ಬನ್ನಿ ಒಳಗೆ, ಹಿಟ್ಟು ಒಣಗ್ತಿದೆ."

ಫ್ಲ್ಯಾಟನ್ನ ಒಬ್ಬ ಹಲ್ಲಿನ ಡಾಕ್ಟರಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ಮಾರನೇ ಬೆಳಿಗ್ಗೆ ವೇಣು ಮುಂದೆ ಉಳಿದ ಹೆಂಗಸರ ಸಾಲು. ಎಲ್ಲರಿಗೂ ಅವರವರ ಆಮೆ ವಾಪಸ್ ಬೇಕು. ಕುಂಞಿಬಿ ಮೊದಲ್ನೇಯವಳು. ನೋಡು, ಇಂಬಿ ಬಲ್ಬು ಇವತ್ತೂ ಎಲ್ಲರಿಗಿಂತ ಮುಂಚೆ ಹತ್ತಿದೆ.

ನಂದಾ? ಹತ್ತುತ್ತೆ, ಹತ್ತುತ್ತೆ. ಕುಂಞಿಬಿ ಬೇಕಂತ್ಲೇ ಸ್ವಲ್ಪ ತಡ ಮಾಡ್ತಾಳೆ, ಪ್ರೀತಿ ಜಾಸ್ತಿ ಇರೋರು ಹಾಗೇ. ಈಗ ಕೇಳು, ಈ ಕಥೇಲಿ ಮುಖ್ಯವಾದ ವಿಷಯ ಇನ್ನೂ ಹೇಳಿಲ್ಲ ನಾನು. ಚಪ್ಪಾಳೇನ ಹೇಗೆ ತಟ್ಟಬೇಕು ಅನ್ನೋದಕ್ಕೆ ಒಂದು ರೀತಿ ಇದೆ, ಅದು ಹಂಸಕ್ಕೋಯಂಗೆ ಹೇಳ್ಕೊಟ್ಟಿದ್ದೇ ನಾನು...

ಟಕ್ ಅಂತು, ಕೇಳಿಸ್ತಾ? ಅದು ನಿನ್ನ ರಫಾ... ಲೋ, ಲೋಟ! ಚಪ್ಪಲಿ ಹಾಕ್ಕೊಳೋ! ಶಾಮಿಲ್, ಕೊನೆ ಕೇಳ್ಕೊಂಡು ಹೋಗು ಮಾರಾಯ, ಬರೀ ತಟ್ಟಿದ್ರೆ ಆಗಲ್ಲ, ಮನಸ್ಸಿಟ್ಟು ತಟ್ಟಬೇಕು, ನಾನು ನಿನ್ನೆಯಿಂದ ಈ ಬೆಂಚಲ್ಲಿ ಕೂತು ಅಂಗೈ ಕೆಂಪಾಗೋ ಹಾಗೆ ತಟ್ಟಿದ್ರೂ ಕುಂಞಿಬಿ ಮಾತ್ರ ಯಾಕೆ ಇನ್ನೂ ಲೈಟು...